ಇಲ್ಲದ ಗಾಡಿಯ ಕಂತು

ಹರಿಹರದ ರೇಣುಕಾಳ ಸ್ಕೂಟರ್ ಕದ್ದವಳು ನಾನು. ಕದ್ದ ಮೇಲೂ ಅದೇ ಸ್ಕೂಟರಿನ ಆರು ಕಂತುಗಳನ್ನು ಅವಳ ಕೈಯಿಂದಲೇ ಎಣಿಸಿ ತೆಗೆದುಕೊಂಡವಳೂ ನಾನೇ.

ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಕಥೆಯನ್ನು ಮೊದಲಿನಿಂದ ಹೇಳಲು ಹೊರಟರೆ ನಾನು ಅಲ್ಲೊಂದು ಇಲ್ಲೊಂದು ಕಾರಣ ಸೇರಿಸಿಬಿಡುತ್ತೇನೆ. ನನ್ನ ಪರಿಸ್ಥಿತಿ ಹಾಗಿತ್ತು, ಅವಳೂ ಹೇಳದೆ ಕೇಳದೆ ಸುಮ್ಮನಾಗಿದ್ದಳು — ಹೀಗೆ. ನಾಲ್ಕು ವರ್ಷ ನನ್ನೊಳಗೆ ನಾನೇ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಓದುವವರಿಗೂ ಅದನ್ನೇ ಬಡಿಸುವುದು ಬೇಡ.

ನಾನು ದಾವಣಗೆರೆಯ ಕಾಲೇಜೊಂದರ ಕಚೇರಿಯಲ್ಲಿ ಫೀಸು ಕಟ್ಟಿಸಿಕೊಳ್ಳುವ ಗುಮಾಸ್ತೆಯಾಗಿದ್ದೆ. ಇಪ್ಪತ್ತಾರು ವರ್ಷ ಒಂದೇ ಕಿಟಕಿ. ಫೀಸು ಒಟ್ಟಿಗೆ ಕಟ್ಟಲಾಗದ ಮಕ್ಕಳ ಅಪ್ಪ ಅಮ್ಮಂದಿರು ಆ ಕಿಟಕಿಯ ಮುಂದೆ ನಿಂತು ಗಡುವು ಕೇಳುತ್ತಿದ್ದರು. ಯಾರು ಹೇಳಿದ ದಿನಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತದೆ ಎಂದು ನಾನು ನಂಬಿದ್ದೆ. ಬರೀ ನಂಬಿರಲಿಲ್ಲ, ಹತ್ತು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ನಿವೃತ್ತಿಯಾದ ಮೇಲೆ ಮಂಡಿ ನೋವು ಹೆಚ್ಚಿತು. ಕಾಲೇಜಿಗೆ ಓಡಾಡಲೆಂದು ತೆಗೆದುಕೊಂಡಿದ್ದ ಸ್ಕೂಟರ್ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮುಂದೆ ಧೂಳು ತಿನ್ನುತ್ತ ನಿಂತಿತ್ತು. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಅದರ ಫೋಟೊ ಹಾಕಿದೆ. ಬೆಲೆ ಮೂವತ್ತು ಸಾವಿರ. ಐದಾರು ಜನ ಬಂದರು, ಟೈರು ಒದ್ದು ನೋಡಿದರು, ಇಪ್ಪತ್ತಕ್ಕೆ ಕೇಳಿದರು, ಹೋದರು. ಕೊನೆಗೆ ಬಂದವಳು ರೇಣುಕಾ.

ಮೂವತ್ತೈದರ ಆಸುಪಾಸಿನ ಹೆಂಗಸು. ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು. ಹರಿಹರದಲ್ಲಿ ಹೊಳೆ ಕಡೆಯ ಒಂದು ಓಣಿಯಲ್ಲಿ ಅತ್ತೆ ಮತ್ತು ಮೈದುನನ ಜೊತೆ ಇದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ದಾವಣಗೆರೆಯ ಹಾಸ್ಟೆಲುಗಳಿಗೂ ಮೆಸ್ಸುಗಳಿಗೂ ಕೊಡುತ್ತಿದ್ದಳು. ಬಸ್ಸಿನಲ್ಲಿ ರೊಟ್ಟಿ ಗಂಟು ಹೊತ್ತು ತರುವಷ್ಟರಲ್ಲಿ ಅರ್ಧ ಮುರಿದು ಚೂರಾಗುತ್ತವೆ ಎಂದಳು.

"ಅಕ್ಕಾರೆ, ಕೈಯಾಗೆ ಹತ್ತು ಸಾವಿರ ಐತೆ. ಉಳಿದಿದ್ದು ತಿಂಗಳಾ ತಿಂಗಳಾ ಎರಡೆರಡು ಸಾವಿರ ಕೊಟ್ಟು ತೀರಿಸ್ತೀನಿ. ಫೈನಾನ್ಸಿನೋರ ಹತ್ರ ಹೋದ್ರೆ ಬಡ್ಡಿಯಾಗೇ ಮುಳುಗಿ ಹೋಗ್ತೀನ್ರಿ. ನೀವೊಂದು ಹ್ಞೂಂ ಅಂದ್ರೆ ನನ್ನ ವ್ಯಾಪಾರ ಕುದುರ್ತೈತೆ."

ನಮ್ಮ ಮನೆಯವರಿಗೆ ಹಳೇಪೇಟೆಯಲ್ಲಿ ಪೈಪು, ನಲ್ಲಿ ಸಾಮಾನಿನ ಅಂಗಡಿಯಿದೆ. ಕೈಗಡ ಕೊಟ್ಟು ಸುಟ್ಟುಕೊಂಡವರು. ಅವಳು ಹೊರಗೆ ಗಾಡಿ ನೋಡುತ್ತಿದ್ದಾಗ ನನ್ನನ್ನು ಒಳಗೆ ಕರೆದರು.

"ಗುರ್ತಿಲ್ಲ, ಪರಿಚಯ ಇಲ್ಲ. ಕಂತಿನ ಮ್ಯಾಲೆ ಕೊಡ್ತೀಯಾ? ಗಾಡೀನೂ ಹೋಗ್ತೈತೆ, ದುಡ್ಡೂ ಹೋಗ್ತೈತೆ. ಬ್ಯಾಡ ಬಿಡು ಗಿರಿಜಾ."

"ಇಪ್ಪತ್ತಾರು ವರ್ಷ ಮುಖ ನೋಡೇ ಸಂಬಳ ತಗಂಡೀನಿ," ಎಂದೆ ನಾನು. "ಈಕೆ ಕೊಡೋ ಹೆಂಗಸು."

ಅವರು ನಕ್ಕರು. ಆ ನಗು — ಅದು ನನಗೆ ಚುಚ್ಚಿತು. ನಾನು ಅವತ್ತು ರೇಣುಕಾಳಿಗೆ ಗಾಡಿ ಕೊಟ್ಟದ್ದು ಅವಳ ಮೇಲಿನ ಕರುಣೆಯಿಂದ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆ ನಗುವಿಗೆ ಉತ್ತರ ಕೊಡಲೆಂದೇ ಕೊಟ್ಟೆ.

ಬಿಳಿ ಹಾಳೆಯ ಮೇಲೆ ಬರೆಸಿಕೊಂಡೆ, ಸಹಿ ಹಾಕಿಸಿಕೊಂಡೆ, ಆಧಾರ್ ಜೆರಾಕ್ಸ್ ಇಟ್ಟುಕೊಂಡೆ. ಕೊನೆಯ ಕಂತು ಮುಗಿಯುವವರೆಗೆ ಗಾಡಿಯ ಆರ್‌ಸಿ ನನ್ನ ಹೆಸರಿನಲ್ಲೇ, ನನ್ನ ಹತ್ತಿರವೇ ಇರತಕ್ಕದ್ದು ಎಂದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಕೀ ಕೊಟ್ಟಾಗ ಕೇಳಿದಳು, "ಇನ್ನೊಂದು ಕೀ ಇರ್ತೈತಲ್ರಿ?"

"ಅದು ಯಾವಾಗಲೋ ಕಳದೈತೆ. ಇರೋದು ಇದೊಂದೇ," ಎಂದೆ.

ಅದು ಬೀರುವಿನ ಒಳಗೆ, ಬಟ್ಟೆಯ ಚೀಲದಲ್ಲಿತ್ತು. ಆಗ ನನಗೆ ಯಾವ ದುರುದ್ದೇಶವೂ ಇರಲಿಲ್ಲ ಎಂದು ಬರೆಯಹೊರಟೆ — ಬೇಡ. ಉದ್ದೇಶವಿಲ್ಲದಿದ್ದರೆ ಆ ಸುಳ್ಳು ಯಾಕೆ ಹೇಳುತ್ತಿದ್ದೆ?

ನಾಲ್ಕು ತಿಂಗಳು ಐದನೇ ತಾರೀಖು ತಪ್ಪದೆ ಬಂದಳು. ಬಂದಾಗಲೆಲ್ಲ ನಮ್ಮ ಮನೆಯವರು ಅಂಗಡಿಯಿಂದ ಬಂದ ಮೇಲೆ ನೋಟನ್ನು ಮೇಜಿನ ಮೇಲೆ ಕಾಣುವ ಹಾಗೆ ಇಡುತ್ತಿದ್ದೆ. ಅವರು ನೋಡಿ ಸುಮ್ಮನಾಗುತ್ತಿದ್ದರು. ಆ ಮೌನ ನನಗೆ ಹಬ್ಬದೂಟದ ಹಾಗಿತ್ತು.

ಐದನೆಯ ತಿಂಗಳು ಬರಲಿಲ್ಲ. ಹತ್ತನೇ ತಾರೀಖಾಯಿತು, ಇಪ್ಪತ್ತಾಯಿತು. ಫೋನು ಸ್ವಿಚ್ ಆಫ್. ದಿನಕ್ಕೆ ನಾಲ್ಕು ಸಲ, ಐದು ಸಲ ಮಾಡಿದೆ. ಆರನೆಯ ತಿಂಗಳ ಐದೂ ದಾಟಿತು. ನಮ್ಮ ಮನೆಯವರು ಒಂದು ಮಾತು ಆಡಲಿಲ್ಲ. ಆದರೆ ಒಂದು ದಿನ ಊಟ ಮಾಡುತ್ತ, ಅನ್ನ ಕಲಸುತ್ತಲೇ, "ಐದನೇ ತಾರೀಖು ಹೋತಲ್ಲ?" ಎಂದರು. ಅಷ್ಟೇ. ನಾನು ಎದ್ದು ಅಡುಗೆಮನೆಗೆ ಹೋದೆ. ಹನ್ನೆರಡು ಸಾವಿರ ರೂಪಾಯಿ ಹೋಯಿತೆಂದಲ್ಲ. ನಮಗೆ ಅಷ್ಟು ಬಡತನವೇನೂ ಇರಲಿಲ್ಲ. ಅವರು ಸರಿ, ನಾನು ತಪ್ಪು ಎಂದಾಗಿಬಿಟ್ಟಿತಲ್ಲ — ಅದನ್ನು ನನ್ನಿಂದ ನುಂಗಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವರು ಅಂಗಡಿಗೆ ಹೋದ ಮೇಲೆ ಹರಿಹರದ ಬಸ್ಸು ಹತ್ತಿದೆ. ಮಾತಾಡಲೆಂದೇ ಹೋದೆ. ಮುಖಾಮುಖಿ ಕೇಳಬೇಕು, ಅಷ್ಟೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಆದರೆ ಪರ್ಸಿನಲ್ಲಿ ಎರಡನೇ ಕೀ ಇತ್ತು. ಆರ್‌ಸಿಯೂ ಇತ್ತು.

ಆಧಾರ್ ಜೆರಾಕ್ಸ್ ಹಿಡಿದು ವಿಳಾಸ ಕೇಳುತ್ತ ಕೇಳುತ್ತ ಓಣಿ ಸೇರುವ ಹೊತ್ತಿಗೆ ಹನ್ನೊಂದು ದಾಟಿತ್ತು. ಕಿರಿದಾದ ಓಣಿ. ಒಂದು ಮನೆಯ ಗೋಡೆಗೆ ಒರಗಿ ನನ್ನ ಸ್ಕೂಟರ್ ನಿಂತಿತ್ತು. ಮೇಲೆ ಗೋಣಿಚೀಲ ಹೊದಿಸಿದ್ದಳು, ಬಿಸಿಲಿಗೆ ಸೀಟು ಹಾಳಾಗಬಾರದೆಂದು. ಗಾಡಿ ನನ್ನ ಹತ್ತಿರ ಇದ್ದಾಗಿನದಕ್ಕಿಂತ ಚೊಕ್ಕವಾಗಿತ್ತು. ಬಾಗಿಲು ಮುಚ್ಚಿತ್ತು. ಹೊಸ್ತಿಲ ಬಳಿ ಗಂಡಸಿನ ಒಂದು ಜೊತೆ ಚಪ್ಪಲಿ ಇತ್ತು, ಮೇಲೆಲ್ಲ ಬಣ್ಣದ ಕಲೆಗಳು. ಒಳಗೆ ಯಾರೋ ಇದ್ದರು. ಒಂದು ಸಲ ಬಾಗಿಲು ತಟ್ಟಿದ್ದರೆ ಸಾಕಿತ್ತು.

ತಟ್ಟಲಿಲ್ಲ. ಓಣಿಯ ಎರಡೂ ಕಡೆ ನೋಡಿದೆ. ಯಾರಾದರೂ ಕೇಳಿದರೆ 'ನಂದೇ ಗಾಡಿ ರೀ' ಎನ್ನಬೇಕೆಂದು ಬಾಯಲ್ಲೇ ತಯಾರು ಮಾಡಿಕೊಂಡೆ. ಕಾಗದದ ಪ್ರಕಾರ ಅದು ಸುಳ್ಳೂ ಆಗಿರಲಿಲ್ಲ. ಗೋಣಿಚೀಲ ತೆಗೆದು — ಮಡಚಿ ಹೊಸ್ತಿಲ ಮೇಲಿಟ್ಟೆ. ಕಳ್ಳತನ ಮಾಡುವಾಗಲೂ ನೀಟಾಗಿ ಮಡಚಿದೆ, ಕಚೇರಿಯ ಅಭ್ಯಾಸ. ಕೀ ತಿರುಗಿಸಿದೆ. ಹ್ಯಾಂಡಲ್ ಬಿಚ್ಚಿಕೊಂಡಿತು. ಸದ್ದಾಗಬಾರದೆಂದು ಓಣಿಯ ಕೊನೆಯವರೆಗೆ ತಳ್ಳಿಕೊಂಡೇ ಹೋದೆ. ಮಂಡಿ ಒಡೆದು ಹೋಗುವಷ್ಟು ನೋವು. ಹಿಂದಿನಿಂದ ಯಾರೋ ಕೂಗಿದ ಹಾಗೆ ಮೂರು ಸಲ ಅನ್ನಿಸಿತು. ಮೂರು ಸಲವೂ ತಿರುಗಿ ನೋಡಲಿಲ್ಲ.

ಮುಖ್ಯ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಇಷ್ಟು ಬೇಗ ಹೇಗೆ ತಿಳಿಯಿತು ಎಂದುಕೊಂಡೆ. ಅವನು ಕೇಳಿದ್ದು ಹೆಲ್ಮೆಟ್.

"ಕಾಗದ ತೋರಿಸ್ರಿ."

ಆರ್‌ಸಿ ಕೊಟ್ಟೆ. ಹೆಸರು ಓದಿದ, ನನ್ನ ಮುಖ ನೋಡಿದ, ವಾಪಸ್ ಕೊಟ್ಟ. "ವಯಸ್ಸಾದೋರು, ತಿಳಿದೋರು ನೀವೇ ಹಿಂಗ್ ಮಾಡಿದ್ರೆ ಹೆಂಗ್ರಿ ಅಮ್ಮಾ? ಹೋಗ್ರಿ, ಹುಷಾರು," ಎಂದ.

ಗಾಡಿಯನ್ನು ಮನೆಗೆ ತರುವ ಹಾಗಿರಲಿಲ್ಲ. ಕೊಂಡಜ್ಜಿಯಲ್ಲಿ ನನ್ನ ತಮ್ಮ ಶಿವಣ್ಣನ ತೋಟವಿದೆ. ಅಲ್ಲಿಗೆ ಒಯ್ದೆ. ಅವನು ಹೊಲದಿಂದ ಬಂದು ಆಶ್ಚರ್ಯದಿಂದ ನೋಡಿದ.

"ಏನಕ್ಕ, ಆಕೆ ವಾಪಸ್ ಕೊಟ್ಲಾ?"

"ಹ್ಞೂಂ. ಕಟ್ಟಾಕಾಗಲಿಲ್ವಂತೆ. ನಿಮ್ಮ ಭಾವನ ಮುಂದೆ ಈ ವಿಷಯ ಎತ್ತಬ್ಯಾಡ, ನಗ್ತಾರೆ. ಯಾರಾದ್ರೂ ಗಿರಾಕಿ ಇದ್ರೆ ನೋಡು."

ದನದ ಕೊಟ್ಟಿಗೆಯ ಪಕ್ಕ ಮೇವಿನ ಮನೆಯಲ್ಲಿ ಗಾಡಿ ನಿಲ್ಲಿಸಿದ. ನಾನು ಬಸ್ಸಿಗೆ ಮನೆಗೆ ಬಂದು, ನಮ್ಮ ಮನೆಯವರು ಬರುವಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಗೇಟು ಸದ್ದಾಯಿತು. ರೇಣುಕಾ. ಮುಖ ಕಪ್ಪಿಟ್ಟಿತ್ತು, ಕಣ್ಣು ಊದಿಕೊಂಡಿದ್ದವು. ಕೂಡು ಎಂದರೂ ಕೂಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಎಂಟು ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟಳು.

"ಎರಡು ತಿಂಗಳದ್ದೂ ಐತೆ ಅಕ್ಕಾರೆ. ಎಣಿಸ್ಕಳ್ರಿ. ನಮ್ಮತ್ತೆ ಬಿದ್ದು ಸೊಂಟದ ಮೂಳೆ ಮುರ್ಕಂಡ್ರು. ಇಲ್ಲೇ ದಾವಣಗೆರೆ ಆಸ್ಪತ್ರ್ಯಾಗೇ ಇದ್ದೆ, ನಿಮ್ಮ ಮನೆ ಸನೇದಾಗೇ. ಫೋನು ನೀರಾಗೆ ಬಿದ್ದು ಹೋತು, ನಿಮ್ಮ ನಂಬರು ಅದರಾಗೇ ಇತ್ತು. ಬಂದು ಹೇಳಬೇಕಂದ್ರೆ ಬರಿಗೈಲಿ ಹೆಂಗೆ ಬರ್ಲಿ ಅಂತ…"

ಅಷ್ಟು ಹೇಳಿ ಬಾಯಿಗೆ ಸೆರಗು ಹಿಡಿದಳು.

"ಗಾಡಿ ಹೋತ್ರಿ ಅಕ್ಕಾರೆ. ಮನೆ ಮುಂದೆ ನಿಂತಿದ್ದು, ಹಾಡಹಗಲೇ."

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಏಕೆಂದರೆ ಎಲ್ಲವೂ ಸರಿಹೋಗಬಹುದಾಗಿದ್ದ ಕ್ಷಣ ಅದೊಂದೇ. ಗಾಡಿ ಇನ್ನೂ ಕೊಂಡಜ್ಜಿಯ ಮೇವಿನ ಮನೆಯಲ್ಲಿತ್ತು. ಅರ್ಧ ಗಂಟೆಯ ದಾರಿ. 'ಅಯ್ಯೋ, ಅದು ನನ್ನ ಹತ್ರಾನೇ ಐತಮ್ಮ, ಸಿಟ್ಟಿನಾಗೆ ತಂದೆ' ಎಂದಿದ್ದರೆ ಅವಳು ಒಂದಷ್ಟು ಬೈದು, ಅತ್ತು, ಗಾಡಿ ಹತ್ತಿ ಹೋಗುತ್ತಿದ್ದಳು. ಮಾತು ನಾಲಿಗೆಯವರೆಗೆ ಬಂದಿತ್ತು — ಇಲ್ಲ, ಬಂದಿರಲಿಲ್ಲ. ಬಂದಿತ್ತು ಎಂದು ಆಮೇಲೆ ಸೇರಿಸಿಕೊಂಡದ್ದು. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ಇವಳಿಗೆ ಗೊತ್ತಾಗಿದೆಯೋ ಇಲ್ಲವೋ.

"ಪೊಲೀಸ್ನೋರು ಕಂಪ್ಲೇಂಟ್ ತಗಳ್ಳವಲ್ರು. ಆರ್‌ಸಿ ಯಾರ ಹೆಸರಾಗೈತೋ ಅವ್ರೇ ಬರಬೇಕಂತೆ. ನೀವೊಂದು ತಾಸು ನನ್ನ ಜೊತೆ ಬರ್ರಿ ಅಕ್ಕಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಸ್ಟೇಷನ್ನು ಗಿಷ್ಟೇಷನ್ನು ನನಗೆ ಬ್ಯಾಡಮ್ಮ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಫೀಸು ಕಿಟಕಿಯ ಹಿಂದಿನಿಂದ ಬರುತ್ತಿದ್ದ ದನಿ ಅದು. "ಗಾಡಿ ನಿನ್ನ ಕೈಗೆ ಕೊಟ್ಟ ಮ್ಯಾಲೆ ಜವಾಬ್ದಾರಿ ನಿಂದು. ಹೋಗಿದ್ದು ನಿನ್ನ ಹಣೇಬರಹ. ನನ್ನ ಕಂತು ನನಗೆ ಬರಬೇಕು."

ಯಾಕೆ ಹಾಗೆಂದೆ? 'ಉಳಿದದ್ದು ಬಿಡು' ಎಂದುಬಿಡಬಹುದಿತ್ತು. ಆದರೆ ಪರಿಚಯವಿಲ್ಲದವಳಿಗೆ ಎಂಟು ಸಾವಿರ ಸುಮ್ಮನೆ ಬಿಟ್ಟರೆ ಅನುಮಾನ ಬರುತ್ತದಲ್ಲ ಎಂಬ ಲೆಕ್ಕ ನನ್ನ ತಲೆಯೊಳಗೆ ಓಡಿತು. ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ. ನಿರಪರಾಧಿಯ ಹಾಗೆ ಕಾಣಬೇಕಾದರೆ ನಿರ್ದಯಿಯಾಗಬೇಕಿತ್ತು. ಆದೆ.

ರೇಣುಕಾ ಕಣ್ಣೊರೆಸಿಕೊಂಡಳು. "ಅದು ಸರೀನೇ ಅಕ್ಕಾರೆ. ಗಾಡಿ ಕಳ್ಕಂಡಿದ್ದು ನಾನು, ನೀವಲ್ಲ. ಉಳಿದಿದ್ದು ತಂದು ಕೊಡ್ತೀನಿ," ಎಂದು ಹೋದಳು.

ಅವಳು ಗೇಟು ದಾಟಿ ತಿರುವಿನಲ್ಲಿ ಮರೆಯಾದ ತಕ್ಷಣ ತಮ್ಮನಿಗೆ ಫೋನು ಮಾಡಿದೆ. "ಎಷ್ಟಕ್ಕಾದ್ರೂ ಸರಿ, ಬೇಗ ಮಾರಿಬಿಡು," ಎಂದೆ. ವಾರದೊಳಗೆ ಹರಪನಹಳ್ಳಿ ಕಡೆಯ ಯಾರಿಗೋ ಇಪ್ಪತ್ನಾಲ್ಕು ಸಾವಿರಕ್ಕೆ ಕೊಟ್ಟ. ಆರ್‌ಸಿ, ಸಹಿ ಹಾಕಿದ ಫಾರಂ, ಎರಡನೇ ಕೀ — ಎಲ್ಲವೂ ಆ ಗಾಡಿಯ ಜೊತೆ ಹೋದವು. ಆ ದುಡ್ಡನ್ನು ನನ್ನ ಖಾತೆಗೆ ಹಾಕಿದೆ, ಮುಟ್ಟಲಿಲ್ಲ. ಮುಟ್ಟದೆ ಇದ್ದದ್ದನ್ನೇ ದೊಡ್ಡ ಪುಣ್ಯವೆಂಬಂತೆ ನೆನೆದುಕೊಳ್ಳುತ್ತಿದ್ದೆ.

ಅವಳು ಬಂದಳು. ಪ್ರತಿ ತಿಂಗಳೂ ಬಂದಳು. ಈಗ ಮತ್ತೆ ಬಸ್ಸಿನಲ್ಲಿ, ರೊಟ್ಟಿಯ ಗಂಟು ಹೊತ್ತು. ಗಾಡಿಯಿದೆಯೆಂದು ಹಿಡಿದಿದ್ದ ಎರಡು ಹಾಸ್ಟೆಲುಗಳು ಕೈಬಿಟ್ಟು ಹೋಗಿದ್ದವು. ನಮ್ಮ ಮನೆಯವರು ಒಂದೆರಡು ಸಲ ಮನೆಯಲ್ಲೇ ಇದ್ದರು. ಅವರಿಗೆ ಗಾಡಿ ಹೋದ ವಿಷಯವೇ ಗೊತ್ತಿರಲಿಲ್ಲ. 'ಗಾಡಿ ಹೆಂಗೈತಮ್ಮ?' ಎಂದು ಅವರು ಕೇಳಿಬಿಡಬಹುದೆಂದು ನಾನು ಅವಳನ್ನು ಗೇಟಿನಲ್ಲೇ ನಿಲ್ಲಿಸಿ, ದುಡ್ಡು ಈಸಿಕೊಂಡು, ಕೆಲಸವಿದೆ ಎಂದು ಕಳಿಸಿಬಿಡುತ್ತಿದ್ದೆ. ಒಂದು ಲೋಟ ನೀರು ಕೊಡಲಿಲ್ಲ. ಒಮ್ಮೆ ಕೊಂಡಜ್ಜಿಯಲ್ಲಿ ಊಟಕ್ಕೆ ಕೂತಾಗ ತಮ್ಮ, "ಭಾವ, ಆ ಸ್ಕೂಟರ್…" ಎಂದು ಶುರು ಮಾಡಿದ್ದ. "ಶಿವಣ್ಣ, ಮಜ್ಜಿಗೆ ತಾರೋ!" ಎಂದು ನಾನು ಕೂಗಿದ ರೀತಿಗೆ ಇಬ್ಬರೂ ಬೆಚ್ಚಿ ನನ್ನನ್ನೇ ನೋಡಿದ್ದರು.

ಕೊನೆಯ ಕಂತಿನ ಹಿಂದಿನ ತಿಂಗಳು, ಗೇಟಿನಲ್ಲಿ ನಿಂತು ರೇಣುಕಾ ತಾನಾಗಿಯೇ ಹೇಳಿದಳು.

"ಕದ್ದೋರು ಯಾರಂತ ಗೊತ್ತಾತ್ರಿ ಅಕ್ಕಾರೆ."

ನಾನು ಗೇಟಿನ ಕಬ್ಬಿಣ ಹಿಡಿದುಕೊಂಡೆ.

"ನನ್ನ ಮೈದುನ, ಹಾಲೇಶ. ಮನೆಗಳಿಗೆ ಪೇಂಟಿಂಗ್ ಮಾಡ್ತಾನೆ. ಆಗೀಗ ಕುಡೀತಾನೆ. ಅವತ್ತು ಕೆಲ್ಸಕ್ಕೆ ಹೋಗದೆ ಮನ್ಯಾಗೇ ಮಲಗಿದ್ದ. ಲಾಕ್ ಮುರಿದಿಲ್ಲ, ಒಂದು ಚೂರು ಸದ್ದಾಗಿಲ್ಲ. ಕೀ ಇರೋದು ಒಂದೇ, ಅದು ಒಳಗೆ ಮೊಳೆಗೆ ನೇತಾಡ್ತಿತ್ತು. ಗೋಣಿಚೀಲ ಮಡಚಿ ಇಟ್ಟಿತ್ತು. ಕಳ್ಳರು ಯಾರಾದ್ರೂ ಮಡಚಿಡ್ತಾರೇನ್ರಿ? ಮನೇರೇ ಅಂತ ಓಣ್ಯಾಗೆಲ್ಲ ಅಂದ್ರು. ಅವನು ಅವ್ವನ ಮ್ಯಾಲೆ ಆಣೆ ಮಾಡಿದ. ನಾವು ನಂಬಲಿಲ್ಲ. ನಮ್ಮತ್ತೆನೇ ಮನೆ ಬಿಟ್ಟು ಹೋಗು ಅಂದ್ರು. ಹೋದ."

ಓದುವವರೇ, ನಾನು ಆಗ ಹೇಳಿದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. "ನೋಡಿಲ್ದೇ ಯಾರನ್ನೂ ಅನುಮಾನಿಸಬಾರದಮ್ಮ," ಎಂದೆ. ಬುದ್ಧಿ ಹೇಳಿದೆ. ಅಷ್ಟು ಹೇಳಿ, ಎರಡು ಸಾವಿರ ಎಣಿಸಿಕೊಂಡೆ.

"ಮತ್ತ್ಯಾರ ಹತ್ರ ಕೀ ಇತ್ರಿ?" ಎಂದು ಅವಳು ಕೇಳಿದಳು. ನನ್ನ ಮೇಲಿನ ಅನುಮಾನದಿಂದಲ್ಲ, ನೋವಿನಿಂದ. ಒಂದೇ ಕೀ ಇರುವುದು ಎಂದು ನಾನು ಹೇಳಿದ್ದನ್ನು ಅವಳು ದೇವರ ಮಾತಿನಂತೆ ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಹಾಲೇಶ ಕಳ್ಳನಾಗಿದ್ದ.

ಕೊನೆಯ ಕಂತಿನ ದಿನ ಹೊಸ ಸೀರೆಯುಟ್ಟು ಬಂದಳು. ಎರಡು ಡಜನ್ ರೊಟ್ಟಿ ಪೇಪರಿನಲ್ಲಿ ಸುತ್ತಿ ತಂದಿದ್ದಳು. ಒಬ್ಬರ ಋಣ ಮುಗಿಸಿದ ಹಗುರ ಅವಳ ಮುಖದಲ್ಲಿತ್ತು. ಆಮೇಲೆ ಕೈ ಚಾಚಿದಳು.

"ಆರ್‌ಸಿ ಕೊಡ್ರಿ ಅಕ್ಕಾರೆ. ಎಂದಾರ ಗಾಡಿ ಸಿಕ್ರೆ ಬೇಕಾಗ್ತೈತೆ."

"ಎಲ್ಲೋ ಇಟ್ಟೀನಿ," ಎಂದೆ. "ಹುಡುಕಿ ಇಡ್ತೀನಿ, ಆಮ್ಯಾಲೆ ಬಾ."

ಚಾಚಿದ ಕೈ ಹಾಗೆಯೇ ಸ್ವಲ್ಪ ಹೊತ್ತು ನಿಂತಿತ್ತು. ನನ್ನ ಮುಖವನ್ನು ನೋಡಿದಳು. ಏನು ಕಂಡಳೋ ತಿಳಿಯದು. "ಆತ್ರಿ," ಎಂದು ಹೋದವಳು ಮತ್ತೆ ಬರಲಿಲ್ಲ. ನಾಲ್ಕು ಸಲ ಬಾಗಿಲ ಸದ್ದಿಗೆ ಅವಳೇ ಎಂದು ಬೆಚ್ಚಿದ್ದೇನೆ. ನಾಲ್ಕೇನು, ನಾಲ್ಕು ನೂರು.

ಹೀಗೆಯೇ ಇದ್ದುಬಿಡುತ್ತಿದ್ದೆನೋ ಏನೋ. ನಾನಾಗಿಯೇ ಎಚ್ಚೆತ್ತೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಈ ವರ್ಷದ ಬೇಸಿಗೆಯಲ್ಲಿ ಒಂದು ಭಾನುವಾರ ನಮ್ಮ ಮನೆಯವರ ಹಳೆಯ ಗೆಳೆಯರು ಬಂದಿದ್ದರು. ಅವರಿಗೆ ತಮ್ಮ ಫ್ರಿಜ್ ಮಾರಬೇಕಿತ್ತು. ಯಾರೋ ಅಪರಿಚಿತರು ಕಂತಿನ ಮೇಲೆ ಕೇಳುತ್ತಿದ್ದಾರೆ, ಕೊಡಲೋ ಬೇಡವೋ ಎಂದರು. ನಮ್ಮ ಮನೆಯವರು ನನ್ನ ಕಡೆ ಕೈ ತೋರಿಸಿ ಹೇಳಿದರು —

"ಕೊಡ್ರಿ, ಹೆದರಬ್ಯಾಡ್ರಿ. ನಮ್ಮ ಗಿರಿಜಾ ಗುರ್ತಿಲ್ಲದ ಹೆಣ್ಮಗಳಿಗೆ ಗಾಡಿ ಕೊಟ್ಟಿದ್ಲು. ನಾನೇ ಬ್ಯಾಡ ಅಂದಿದ್ದೆ. ಆ ಯಮ್ಮ ಒಂದು ಪೈಸೆ ಬಿಡದಂಗೆ ತೀರಿಸಿದ್ಲು. ಅವತ್ತಿಂದ ನಾನೂ ಅಂಗಡ್ಯಾಗೆ ಬಡವ್ರಿಗೆ ಕಂತಿನ ಮ್ಯಾಲೆ ಸಾಮಾನು ಕೊಡಾಕೆ ಶುರು ಮಾಡೀನಿ. ಈಕೆ ಅಂದಿದ್ದೇ ಸರಿ, ನಾನೇ ತಪ್ಪು."

ಯಾವ ಮಾತಿಗಾಗಿ ನಾನು ಇಷ್ಟೆಲ್ಲ ಮಾಡಿದ್ದೆನೋ, ಆ ಮಾತು ಅದು. ಕೈಯಲ್ಲಿದ್ದ ಚಹಾದ ತಟ್ಟೆ ಇಟ್ಟು ಒಳಗೆ ಹೋದೆ. ಗೆಳೆಯರು ಹೋದ ಮೇಲೆ ಅವರು ಬಂದು, ಏನಾತು ಎಂದರು. ಎಲ್ಲವನ್ನೂ ಹೇಳಿದೆ. ಹಾಲೇಶನ ವಿಷಯ ಬಂದಾಗ ಅವರು ಕನ್ನಡಕ ತೆಗೆದು ಕೆಳಗಿಟ್ಟರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಹೇಳಿದರು, "ಹರಿಹರಕ್ಕೆ ಹೋಗು. ನಾನು ಬರಾಂಗಿಲ್ಲ. ನಾನು ಬಂದ್ರೆ ನನ್ನ ಮಾರಿ ನೋಡಿ ಆ ಯಮ್ಮ ಬಾಯಿ ಬಿಗಿ ಹಿಡಿತಾಳೆ. ನೀನೊಬ್ಬಳೇ ಹೋಗಿ ಏನಂತಾಳೋ ಅನ್ನಿಸ್ಕಂಡು ಬಾ."

ಹೋದೆ. ಮೂವತ್ತು ಸಾವಿರ ತೆಗೆದುಕೊಂಡು ಹೋದೆ. ಅದೇ ಓಣಿ, ಅದೇ ಬಾಗಿಲು. ಈ ಸಲ ತಟ್ಟಿದೆ. ರೇಣುಕಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. "ಬರ್ರಿ ಅಕ್ಕಾರೆ, ಕೂಡ್ರಿ. ಎಷ್ಟು ದಿನ ಆತು!" ಎಂದಳು. ಅತ್ತೆಯ ಫೋಟೊ ಗೋಡೆಯ ಮೇಲಿತ್ತು, ಹಾರ ಹಾಕಿತ್ತು.

ನಿಂತೇ ಹೇಳಿದೆ. ಹೆಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆಯೆದ್ದಿತು. ಅವಳು ತೆಗೆಯಲಿಲ್ಲ. ನಾನು ದುಡ್ಡು ಕೆಳಗಿಟ್ಟೆ. ಅವಳು ಹಿಟ್ಟಿನ ಕೈಯನ್ನು ಒರೆಸಿಕೊಂಡು ಅದನ್ನು ಎತ್ತಿಕೊಂಡಳು.

"ಇದು ನಂದು. ತಗೋತೀನಿ," ಎಂದಳು. "ಅವಂದು ನಿಮ್ಮ ಹತ್ರ ಏನೈತೆ ಕೊಡಾಕೆ?"

ನಾನು ಸೆರಗಿನಿಂದ ಕಣ್ಣು ಒತ್ತಿಕೊಂಡೆ.

"ನನ್ನ ಮುಂದೆ ಅಳಬ್ಯಾಡ್ರಿ. ನಿಮ್ಮ ಊರಾಗೇ ಅದಾನೆ, ಶಾಮನೂರಾಗೆ. ಹೊಸ ಮನೆಗಳಿಗೆ ಬಣ್ಣ ಹೊಡ್ಕಂತ. ಅವನಿಗೆ ಹೇಳ್ರಿ. ನಾನೂ ಅವನಿಗೆ ಹೇಳೋದೈತೆ, ಆದ್ರೆ ಅವನ ಮುಂದೆ ನಿಲ್ಲಾಕೆ ನನಗೆ ಮಾರಿ ಇಲ್ಲ."

ಶಾಮನೂರಿನ ಹೊಸ ಬಡಾವಣೆಯಲ್ಲಿ ಎರಡು ದಿನ ಹುಡುಕಿದೆ. ಅರ್ಧ ಮುಗಿದ ಮನೆಯೊಂದರ ಮುಂದೆ ಸಿಕ್ಕ. ನಲವತ್ತರ ಬಡಕಲು ಮನುಷ್ಯ, ರೆಪ್ಪೆಯ ಮೇಲೆಲ್ಲ ಸುಣ್ಣ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಮನೆಯ ಯಜಮಾನಿ ಎಂದುಕೊಂಡು ಬ್ರಷ್ ಕೆಳಗಿಟ್ಟು ಕೈ ಮುಗಿದ. ಆ ಮುಗಿದ ಕೈಗಳ ಮುಂದೆ ಹೇಳಿದೆ.

ಅವನು ನನ್ನ ಮೇಲೆ ಕೂಗಾಡುತ್ತಾನೆ, ಹೊಡೆಯಲು ಬರುತ್ತಾನೆ ಎಂದುಕೊಂಡಿದ್ದೆ. ಹಾಗಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಸಿಮೆಂಟ್ ಚೀಲದ ಮೇಲೆ ಕೂತ.

"ನಮ್ಮವ್ವ ಹೋಗಿ ಎರಡು ವರ್ಷ ಆತ್ರಿ," ಎಂದ. "ಮನಿಕ್ಕಂಡಾಗ ನೋಡಾಕೆ ಹೋಗಿದ್ದೆ. ಗ್ವಾಡೆ ಕಡೆ ತಿರುಗಿ ಮಲಗಿದ್ಲು. ನೀರು ಕೊಟ್ರೆ ಕುಡೀಲಿಲ್ಲ. ನಾನು ಕಳ್ಳ ಅಂದ್ಕಂಡೇ ಹೋದ್ಲು."

ನಾನು ಏನೋ ಹೇಳಹೊರಟೆ. ತಪ್ಪಾಯಿತು ಎಂದೋ, ಏನು ಬೇಕಾದರೂ ಮಾಡುತ್ತೇನೆ ಎಂದೋ. ಅವನು ಕೈಯೆತ್ತಿ ತಡೆದ.

"ನನಗೆ ಹೇಳಿ ಏನು ಬಂತು? ನಾನು ಕದ್ದಿಲ್ಲ ಅನ್ನೋದು ನನಗೆ ಗೊತ್ತೇ ಐತೆ. ನಮ್ಮ ಓಣಿಗೆ ಬಂದು ಹೇಳ್ರಿ. ಎಲ್ಲಾರ ಮುಂದೆ."

ಮುಂದಿನ ಭಾನುವಾರ ಬೆಳಿಗ್ಗೆ ಹೋದೆ. ಮಂಡಿ ನೋವಿನ ನೆಪ ಹೇಳಬಹುದಿತ್ತು, ಹೇಳಲಿಲ್ಲ. ಓಣಿಯ ನಲ್ಲಿಯ ಹತ್ತಿರ ಹದಿನೈದಿಪ್ಪತ್ತು ಜನ ಸೇರಿದ್ದರು. ರೇಣುಕಾ ತನ್ನ ಬಾಗಿಲಲ್ಲಿ ನಿಂತಿದ್ದಳು. ಹಾಲೇಶ ತುಸು ದೂರದಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ ನಿಂತಿದ್ದ. ನಾನು ನನ್ನ ಹೆಸರು, ಊರು, ಮಾಡುತ್ತಿದ್ದ ಕೆಲಸ ಹೇಳಿ, ಗಾಡಿ ಒಯ್ದದ್ದು ನಾನು, ಎರಡನೇ ಕೀ ನನ್ನ ಹತ್ತಿರವೇ ಇತ್ತು, ಹಾಲೇಶ ಅದನ್ನು ಮುಟ್ಟಿಲ್ಲ ಎಂದೆ. ಯಾರೋ ಒಬ್ಬಳು ನೆಲಕ್ಕೆ ಉಗುಳಿದಳು. ಒಬ್ಬ ಗಂಡಸು, "ಓದಿದೋರು ನೋಡ್ರಪ್ಪ," ಎಂದ. ಮುಗಿಯಿತು ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

ಆಗ ಹಾಲೇಶ ಮುಂದೆ ಬಂದ. ಗುಂಪಿನ ಹಿಂದೆ ಕಟ್ಟೆಯ ಮೇಲೆ, ಗೋಡೆಗೊರಗಿ ಕೂತಿದ್ದ ಒಬ್ಬ ಹಣ್ಣು ಮುದುಕಿಯ ಕಡೆ ತೋರಿಸಿದ.

"ಆ ಅಜ್ಜಿ ನಮ್ಮವ್ವನ ಗೆಳತಿ. ಅವರಿಗೆ ಕಿವಿ ಕೇಳಂಗಿಲ್ಲ," ಎಂದ. "ಹತ್ರ ಹೋಗಿ ಇನ್ನೊಮ್ಮೆ ಹೇಳ್ರಿ."

ಜನ ದಾರಿ ಬಿಟ್ಟರು. ನಾನು ಹೋಗಿ ಆ ಅಜ್ಜಿಯ ಮುಂದೆ ನೆಲದ ಮೇಲೆ ಕೂತು, ಓಣಿಯ ಆ ಕೊನೆಗೂ ಕೇಳುವ ಹಾಗೆ, ಮೊದಲಿನಿಂದ ಹೇಳಿದೆ.